ಏರಿನ ರುಚಿ: ಕೊಪ್ಪಳದ ಬಂಡೆನಾಡಿನಲ್ಲಿ ಒಂದು ದಿನದ ಸೈಕಲ್

ದಿನವಿಡೀ ಸೈಕಲ್ ತುಳಿದು ಗುಡ್ಡಸಾಲು ದಾಟುವುದನ್ನು ಬರಿಯ ವ್ಯಾಯಾಮವೆಂದು ಶುರು ಮಾಡಿದವರು ಬೇಗ ಬಿಟ್ಟುಬಿಡುತ್ತಾರೆ. ನೆಲವನ್ನು ಕಾಲಿನಿಂದ ಓದುವ ವಿದ್ಯೆ ಎಂದು ಹಿಡಿದವರಿಗೆ ಮಾತ್ರ ಅದರ ಗೀಳು ಹತ್ತುತ್ತದೆ. ಕೊಪ್ಪಳ ಜಿಲ್ಲೆಯಲ್ಲಿ ಆಗುಂಬೆಯಂಥ ಘಾಟಿ ಇಲ್ಲ, ನಿಜ. ಆದರೂ ಹೊಸಬರು ಈ ಓದನ್ನು ಇಲ್ಲಿಂದಲೇ ಶುರು ಮಾಡಲಿ ಎಂದು ನಾನು ಹೇಳುತ್ತೇನೆ. ಗಂಗಾವತಿ, ಆನೆಗೊಂದಿ ಕಡೆ ಬಂಡೆಯ ಗುಡ್ಡಗಳು, ಯಲಬುರ್ಗಾ, ಕುಷ್ಟಗಿ ಕಡೆ ಕಪ್ಪು ಮಣ್ಣಿನ ಎರಿ ಹೊಲಗಳು. ಒಂದೇ ಜಿಲ್ಲೆಯಲ್ಲಿ ಎರಡು ಬಗೆಯ ಏರು ಸಿಗುತ್ತದೆ.

ಮೊದಲ ಸವಾರಿಗೆ ಈ ಸುತ್ತು ಸಾಕು: ಕೊಪ್ಪಳ, ಗಿಣಿಗೇರಾ, ಮುನಿರಾಬಾದ್, ಹುಲಿಗಿ, ಸಾಣಾಪುರ, ಆನೆಗೊಂದಿ, ಗಂಗಾವತಿ, ಹಿರೇಬೆಣಕಲ್, ಮರಳಿ ಕೊಪ್ಪಳ. ನೂರು ಕಿ.ಮೀ. ಆಸುಪಾಸು. ನಸುಕಿನಲ್ಲೇ ಹೊರಡಿ, ಗಿಣಿಗೇರಾದ ಕಾರ್ಖಾನೆಗಳ ಲಾರಿಗಳು ರಸ್ತೆ ತುಂಬುವ ಮೊದಲೇ ಹೆದ್ದಾರಿ ಮುಗಿಯಲಿ. ಹುಣ್ಣಿಮೆ ದಿನ ಈ ದಾರಿ ಬೇಡ, ಹುಲಿಗಿಯ ದೇವತೆ ಹುಲಿಗೆಮ್ಮನ ಭಕ್ತರ ಗಾಡಿಗಳ ನಡುವೆ ಸೈಕಲ್ಲಿಗೆ ಜಾಗ ಸಿಗದು.

ಮುನಿರಾಬಾದಿನಿಂದ ಮುಂದೆ ಪಾಠ ಶುರು. ಇಲ್ಲಿ ತುಂಗಭದ್ರಾ ಎಡದಂಡೆ ಕಾಲುವೆ ನಿಮ್ಮ ಗುರು. ಏರು ಎಷ್ಟಿದೆ ಎಂದು ಕಣ್ಣು ಸರಿಯಾಗಿ ಹೇಳುವುದಿಲ್ಲ. ಎದುರಿಗೆ ಗುಡ್ಡ ನಿಂತಿದ್ದರೆ ಏರುತ್ತಿರುವ ರಸ್ತೆಯೂ ಇಳಿಜಾರಿನಂತೆ ಕಾಣುತ್ತದೆ. ಕಾಲುವೆಯ ನೀರು ಹಾಗೆ ಮೋಸ ಮಾಡುವುದಿಲ್ಲ. ಅದು ಹೆಚ್ಚುಕಮ್ಮಿ ಮಟ್ಟವಾಗಿಯೇ ಹರಿಯಬೇಕು, ಅದಕ್ಕಾಗಿಯೇ ಎಂಜಿನಿಯರರು ಅದನ್ನು ಗುಡ್ಡದ ಮಗ್ಗುಲು ಹಿಡಿಸಿ ಒಯ್ದಿದ್ದಾರೆ. ಕಾಲುವೆ ಕಂಡಲ್ಲೆಲ್ಲ ನೀವು ನೀರಿಗಿಂತ ಮೇಲಿದ್ದೀರೋ ಕೆಳಗಿದ್ದೀರೋ ನೋಡಿಕೊಳ್ಳಿ. ಹಿಂದಿನ ಸಲ ಕಂಡಾಗ ಎಲ್ಲಿದ್ದಿರಿ, ಈಗ ಎಲ್ಲಿದ್ದೀರಿ? ಆ ನಡುವೆ ತೊಡೆ ಯಾಕೆ ಉರಿಯಿತು ಎಂಬುದಕ್ಕೆ ಲೆಕ್ಕ ಸಿಗುತ್ತದೆ. ನೂರು ಮೀಟರಿಗೆ ಐದು ಮೀಟರ್ ಏರಿದರೆ ಅದು ಶೇ. 5ರ ಏರು. ಆ ಸಂಖ್ಯೆಯನ್ನು ಯಂತ್ರ ತೋರಿಸುವ ಮೊದಲು ಉಸಿರಿನಿಂದ ಊಹಿಸುವುದು ಕಲಿಯಿರಿ. ಸಾಣಾಪುರದಲ್ಲಿ ಬಂಡೆಗಳ ನಡುವೆ ಕಾಲುವೆಯ ನೀರೇ ಕೆರೆಯಾಗಿ ನಿಂತಿದೆ. ಅಲ್ಲಿ ಒಂದಷ್ಟು ಹೊತ್ತು ಕೂತುಕೊಳ್ಳಿ.

ಏರಿನಲ್ಲಿ ಗೇರ್ ಬದಲಿಸಬೇಕಾದದ್ದು ಕಾಲು ಸೋಲುವ ಮೊದಲು. ಭಾರ ಬಿದ್ದ ಮೇಲೆ ಬದಲಿಸಿದರೆ ಚೈನ್ ಕಿರುಗುಟ್ಟುತ್ತದೆ, ಲಯ ಮುರಿಯುತ್ತದೆ. ಸಣ್ಣ ಗೇರ್ ಹಾಕುವುದು ಸೋಲು ಎಂಬ ಹಮ್ಮು ಇಂದಿನದಲ್ಲ. ಫ್ರಾನ್ಸಿನಲ್ಲಿ ‘ವೆಲೋಸಿಯೊ’ ಎಂದೇ ಹೆಸರಾದ ಪಾಲ್ ದ ವಿವೀ (1853–1930) ಗುಡ್ಡ ಹತ್ತಲು ಹಲವು ಗೇರು ಬೇಕು ಎಂದು ಜೀವಮಾನವಿಡೀ ವಾದಿಸಿದರು. ಆದರೂ ಟೂರ್ ದ ಫ್ರಾನ್ಸ್ ಸ್ಪರ್ಧೆ ಸವಾರರಿಗೆ ಗೇರ್ ಬದಲಿಸುವ ಡಿರೇಲರ್ ಬಳಸಲು ಬಿಟ್ಟದ್ದು 1937ರಲ್ಲಿ. ಈ ವಾದದಲ್ಲಿ ನಾನು ಪೂರ್ತಿ ವೆಲೋಸಿಯೊ ಕಡೆ. ಜೊತೆಗಾರನೊಡನೆ ಒಂದು ವಾಕ್ಯ ಮುಗಿಸಿ ಮಾತಾಡಲು ಆಗುತ್ತಿದ್ದರೆ ಗೇರ್ ಸರಿಯಿದೆ.

ಅಂಜನಾದ್ರಿಯ ಬುಡ ದಾಟಿ, ಆನೆಗೊಂದಿ ಮುಗಿಸಿದರೆ ಗಂಗಾವತಿಯ ಭತ್ತದ ಗದ್ದೆಗಳು. ಹಸಿವಾಗುವ ಮೊದಲೇ ತಿನ್ನಿ. ಒಗ್ಗರಣಿ ಮಿರ್ಚಿ ಒಂದು ಪ್ಲೇಟು, ಬಾಳೆಹಣ್ಣು, ಉಪ್ಪು ಹಾಕಿದ ಮಜ್ಜಿಗೆ. ಊರಿನ ಪಡುವಣಕ್ಕೆ ಸುಮಾರು 10 ಕಿ.ಮೀ. ದೂರದ ಹಿರೇಬೆಣಕಲ್‌ನಲ್ಲಿ ಸೈಕಲ್ಲಿಗೆ ಬೀಗ ಹಾಕಿ, ಮೋರೇರ ಗುಡ್ಡವನ್ನು ನಡೆದೇ ಹತ್ತಬೇಕು. 2000 ವರ್ಷಗಳಿಗೂ ಹಳೆಯ ಕಲ್ಲುಚಪ್ಪಡಿಯ ಸಮಾಧಿಗಳು ನೂರಾರು ಇವೆ, ಕೆಲವಕ್ಕೆ ದುಂಡನೆಯ ಕಿಂಡಿ. ಬೆಳಗಿನಿಂದ ಚಕ್ರದ ಮೇಲೆ ದಾಟಿ ಬಂದ ಬಂಡೆಯ ಜಾತಿಯನ್ನೇ ಇಷ್ಟು ತೆಳ್ಳಗೆ ಸೀಳಿ ನಿಲ್ಲಿಸಿದ್ದಾರೆ. ಅದನ್ನು ಮುಟ್ಟಿದಾಗ ಆ ಜನರ ದುಡಿಮೆ ನಿಮ್ಮ ದಣಿದ ಮೈಗೆ ಅರ್ಥವಾಗುತ್ತದೆ. ಕಾರಿನಲ್ಲಿ ಬಂದವರಿಗೆ ಹೀಗಾಗುವುದು ಕಷ್ಟ ಎಂದು ನನ್ನ ನಂಬಿಕೆ. ಬಿಸಿಲು ಮಾತ್ರ ನೋಡಿಕೊಳ್ಳಿ, ನೀರು ಕೆಳಗಿನಿಂದಲೇ ಒಯ್ಯಬೇಕು.

ಗಾಳಿಯ ಲೆಕ್ಕ ಎಲ್ಲಕ್ಕಿಂತ ದೊಡ್ಡದು. ಚಳಿಗಾಲದಲ್ಲಿ ಹೆಚ್ಚಾಗಿ ಮೂಡಣ ಗಾಳಿ. ಹೋಗುವಾಗ ಎದುರಾದದ್ದು ಸಂಜೆ ಕೊಪ್ಪಳದತ್ತ ತಿರುಗಿದಾಗ ಬೆನ್ನಿಗೆ ಬರುತ್ತದೆ. ಆಷಾಢದಲ್ಲಿ ಇದು ತಿರುವುಮುರುವು: ಬೆಳಿಗ್ಗೆ ಹಾರಿಕೊಂಡು ಹೋದವರು ದಣಿದ ಕಾಲಿನಲ್ಲಿ ಪಡುವಣ ಗಾಳಿಗೆ ಎದೆಯೊಡ್ಡಿ ಮರಳಬೇಕು. ನವೆಂಬರಿನಿಂದ ಜನವರಿವರೆಗೆ ಹೋಗಿ.

ಬಂಡೆನಾಡು ಪಳಗಿದ ಮೇಲೆ ಕುಕನೂರು, ಯಲಬುರ್ಗಾ, ಕುಷ್ಟಗಿ. ಇಲ್ಲಿ ಗುಡ್ಡದ ಗುರುತು ಕಡಿಮೆ, ಎರಿ ನೆಲ ಮೆಲ್ಲಗೆ ಉಬ್ಬಿ ಮೆಲ್ಲಗೆ ತಗ್ಗುತ್ತದೆ. ಸಮತಟ್ಟು ಎಂದುಕೊಂಡ ರಸ್ತೆಯಲ್ಲಿ ವೇಗ ಇಳಿದರೆ ಬ್ರೇಕ್ ಉಜ್ಜುತ್ತಿದೆಯೇ ಎಂದು ಬಗ್ಗಿ ನೋಡುವವರೇ ಹೆಚ್ಚು. ಮುಂದಿನ ಹಳ್ಳದ ಸೇತುವೆಗೆ ಬಂದು ಹಿಂತಿರುಗಿ ನೋಡಿದರೆ ಉಬ್ಬು ಕಾಣುತ್ತದೆ. ದೂರದ ಗಾಳಿಯಂತ್ರಗಳು ಯಾವ ಕಡೆ ಮುಖ ಮಾಡಿವೆ ಎಂಬುದೂ ಇಲ್ಲಿ ಓದಬೇಕಾದ ಅಕ್ಷರವೇ. ಕುಕನೂರಿನ ನವಲಿಂಗ ಗುಡಿ, 1112ರಲ್ಲಿ ಕಟ್ಟಿದ ಇಟಗಿಯ ಮಹಾದೇವ ದೇವಾಲಯ ಎರಡನ್ನೂ ಬಿಡಬೇಡಿ.

ಆಮೇಲೆ ಆಗುಂಬೆ. ಸೋಮೇಶ್ವರದಿಂದ ಮೇಲಕ್ಕೆ 14 ಹೇರ್‌ಪಿನ್ ತಿರುವು, ಪ್ರತಿ ತಿರುವಿನ ಒಳಮಗ್ಗುಲು ಕಡಿದು, ಹೊರಮಗ್ಗುಲು ಅಷ್ಟು ಕಡಿದಲ್ಲ. ಹಿಂದೆ ವಾಹನವಿದ್ದರೆ ನಿಂತು ದಾರಿ ಬಿಡಿ. ಇಲ್ಲದಿದ್ದರೆ ನಿಮ್ಮ ಎಡಬದಿಯಲ್ಲೇ ಉಳಿದು, ತಿರುವಿಗೆ ಮೊದಲೇ ಗೇರ್ ಇಳಿಸಿ.