ಗದಗದ ಗಾಳಿಗೆ ತಕ್ಕ ದಾರ

ಮೈದಾನದ ನಡುವೆ ನಿಂತವನ ಕೈಹಿಡಿಕೆಯಿಂದ ಹೊರಟ ಎರಡು ದಾರಗಳು ವಿಮಾನದ ರೆಕ್ಕೆಯೊಳಗೆ ಕೂಡಿಸಿದ ಬೆಲ್‌ಕ್ರ್ಯಾಂಕ್ ಎಂಬ ಪುಟ್ಟ ಸನ್ನೆಯನ್ನು ಆಡಿಸಿ, ಆ ಸನ್ನೆಯು ಬಾಲದ ಪಟ್ಟಿಯನ್ನು ಮೇಲೆ ಕೆಳಗೆ ಮಾಡುವ ವ್ಯವಸ್ಥೆಗೆ ಕಂಟ್ರೋಲ್ ಲೈನ್ ಹಾರಾಟ ಎಂದು ಹೆಸರು. 1940ರ ದಶಕದಲ್ಲಿ ಅಮೆರಿಕದ ಜಿಮ್ ವಾಕರ್ ಜನಪ್ರಿಯಗೊಳಿಸಿದ ಈ ವಿದ್ಯೆಗೆ ಕರ್ನಾಟಕದಲ್ಲಿ ಎನ್.ಸಿ.ಸಿ. ವಾಯು ವಿಭಾಗದ ಕೆಡೆಟ್‌ಗಳು ದೊಡ್ಡ ಆಸರೆಯಾಗಿದ್ದು, ಅವರ ಅಖಿಲ ಭಾರತ ವಾಯು ಸೈನಿಕ ಶಿಬಿರದಲ್ಲಿ ಇದೂ ಒಂದು ಸ್ಪರ್ಧೆಯಾಗಿದೆ. ಬೆಂಗಳೂರಿನ ಜಕ್ಕೂರು ಮೈದಾನದಲ್ಲಿಯೂ ಆ ಶಿಬಿರ ನಡೆದದ್ದುಂಟು.

ಜಕ್ಕೂರಿನಲ್ಲಿ ಒಗ್ಗಿದ ದಾರವನ್ನು ಗದಗ ಜಿಲ್ಲೆಯ ಮುಂಡರಗಿಯ ಎರೆಹೊಲದ ಅಂಚಿಗೆ ತಂದವರು ಮೊದಲು ಲೆಕ್ಕಕ್ಕೆ ಹಿಡಿಯಬೇಕಾದದ್ದು ಗಾಳಿಯನ್ನು. ಕಪ್ಪತಗುಡ್ಡದ ಸಾಲಿನಲ್ಲಿ ಗಾಳಿಯಂತ್ರಗಳು ನಿಂತಿರುವುದು ಸುಮ್ಮನೆ ಅಲ್ಲ. ಮುಂಗಾರಿನ ತಿಂಗಳುಗಳಲ್ಲಿ ಪಡುವಣದಿಂದ ಬೀಸುವ ಗಾಳಿ, ವಿಮಾನವು ವೃತ್ತದ ಪಡುವಣ ಬದಿಗೆ ಬಂದಾಗಲೆಲ್ಲ ಅದನ್ನು ಹಾರಿಸುವವನ ಕಡೆಗೇ ನೂಕುವುದರಿಂದ, ದಾರ ಸಡಿಲಾಗಿ ಹಿಡಿತ ತಪ್ಪುತ್ತದೆ. ದಾರ ಹಗುರವಾಗಿರಬೇಕು ಎಂಬ ಮಾತಿಗೆ ಅರ್ಥ ಬರುವುದು ಇಲ್ಲಿಯೇ. 150 ಗ್ರಾಂ ತೂಕದ ಪುಟ್ಟ ವಿಮಾನ 12 ಮೀಟರ್ ದಾರದ ತುದಿಯಲ್ಲಿ ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಸುತ್ತಿದರೆ ಕೈಗೆ ಸಿಗುವ ಸೆಳೆತ ಅರ್ಧ ಕಿಲೋದಷ್ಟು ಮಾತ್ರ, 0.3 ಮಿ.ಮೀ. ದಪ್ಪದ ಉಕ್ಕಿನ ತಂತಿ ಬಳಸಿದರೆ ಎರಡೂ ಎಳೆ ಸೇರಿ ಸುಮಾರು 13 ಗ್ರಾಂ ತೂಗುತ್ತವೆ, ಅದೇ ದಪ್ಪದ ಪಾಲಿಎಥಿಲೀನ್ ದಾರವಾದರೆ 2 ಗ್ರಾಂ ಕೂಡ ಆಗುವುದಿಲ್ಲ. ಆದರೆ ತೂಕ ಇಳಿದ ಮಾತ್ರಕ್ಕೆ ಗಾಳಿಯ ತಡೆ ಇಳಿಯುವುದಿಲ್ಲ, ಅದು ದಪ್ಪವನ್ನು ಅನುಸರಿಸುತ್ತದೆ. ಈ ಎರಡು ದಾರಗಳು ಗಾಳಿಗೆ ಒಡ್ಡುವ ಮೈ ಒಟ್ಟು 72 ಚದರ ಸೆಂ.ಮೀ., ಅಂದರೆ ಹೆಚ್ಚುಕಡಿಮೆ ಒಂದು ಅಂಗೈಯಷ್ಟು, 0.2 ಮಿ.ಮೀ.ಗೆ ಇಳಿದರೆ ಅದು 48 ಆಗುತ್ತದೆ. ದಾರದ ಡಬ್ಬಿಯ ಮೇಲೆ ದೊಡ್ಡದಾಗಿ ಅಚ್ಚಾದ, ಅದು ತಾಳುವ ಪೌಂಡುಗಳ ಅಂಕಿಗೆ ಮರುಳಾಗುವ ಕೊಳ್ಳುಗರು ದಪ್ಪದ ಅಂಕಿಯನ್ನು ಓದುವುದೇ ಇಲ್ಲ ಎಂಬುದು ವಿಚಿತ್ರ.

ಹೆಣೆದ ದಾರವೇ ಏಕೆ ಬೇಕೆಂಬುದನ್ನು ಬೆಟಗೇರಿಯ ನೇಕಾರರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹುರಿ ಹಾಕಿದ ನೂಲು ಬಿಗಿಯಾದಾಗ ಹುರಿ ಬಿಚ್ಚಿಕೊಳ್ಳಲು ಹೊರಳುತ್ತದೆ, ಸಡಿಲಾದಾಗ ಸುರುಳಿಗಟ್ಟುತ್ತದೆ; ಅರ್ಧ ಎಳೆಗಳು ಬಲಕ್ಕೂ ಉಳಿದರ್ಧ ಎಡಕ್ಕೂ ಸುತ್ತಿ ಬಂದ ಹೆಣಿಗೆಯಲ್ಲಿ ಒಂದರ ಹೊರಳನ್ನು ಇನ್ನೊಂದು ಹಿಡಿದು ನಿಲ್ಲಿಸುತ್ತದೆ. ಗಾಳಿಪಟಕ್ಕೆ ಹತ್ತಿಯ ನೂಲು ಸಾಕು, ಏಕೆಂದರೆ ಒಂದೇ ದಾರ ತುಸು ಹಿಗ್ಗಿದರೆ ಪಟಕ್ಕೆ ನಷ್ಟವಿಲ್ಲ. ಇಲ್ಲಿ ಹಾಗಲ್ಲ: ಬೆಲ್‌ಕ್ರ್ಯಾಂಕಿನ ಒಟ್ಟು ಆಟವೇ ಕೆಲವು ಸೆಂ.ಮೀ. ಇರುವಾಗ, 12 ಮೀಟರ್ ದಾರಗಳಲ್ಲಿ ಒಂದು ಇನ್ನೊಂದಕ್ಕಿಂತ ಶೇ. 1ರಷ್ಟು ಹೆಚ್ಚು ಹಿಗ್ಗಿದರೂ 12 ಸೆಂ.ಮೀ. ವ್ಯತ್ಯಾಸ ಬಂದು ಕೈಯ ಆಜ್ಞೆ ಬಾಲದವರೆಗೆ ಮುಟ್ಟುವುದೇ ಇಲ್ಲ. ಕಡಿಯುವ ಮುನ್ನ ಶೇ. 10ಕ್ಕೂ ಮಿಕ್ಕಿ ಹಿಗ್ಗಬಲ್ಲ ಪಾಲಿಯೆಸ್ಟರ್ ದಾರ ಕಲಿಯುವವರ ಅತಿ ಪುಟ್ಟ ವಿಮಾನಕ್ಕಷ್ಟೇ ಸರಿ. ಡೈನೀಮಾ, ಸ್ಪೆಕ್ಟ್ರಾ ಎಂಬ ಹೆಸರಿನಲ್ಲಿ ಮೀನುಗಾರಿಕೆ ಸಾಮಗ್ರಿ ಮಾರುವವರಲ್ಲಿ ಸಿಗುವ ಪಾಲಿಎಥಿಲೀನ್ ಹೆಣಿಗೆಯ ಹಿಗ್ಗು ಶೇ. 3ರಿಂದ 4ರಷ್ಟೇ ಇರುವುದರಿಂದ ಅದೇ ಮೇಲು. ಎರಡೂ ದಾರಗಳನ್ನು ಒಂದೇ ಉರುಳೆಯಿಂದ ಕತ್ತರಿಸಿಕೊಳ್ಳಬೇಕು.

ಈ ದಾರಕ್ಕೆ ಮೂರು ದೌರ್ಬಲ್ಯಗಳಿವೆ. ಅದು ಎಷ್ಟು ನುಣುಪೆಂದರೆ ಸಾಮಾನ್ಯ ಗಂಟು ತಾನಾಗಿಯೇ ಜಾರಿಹೋಗುತ್ತದೆ, ಅಂಟು ಹಚ್ಚಿದರೆ ಹಿಡಿಯುವುದಿಲ್ಲ. ಆದ್ದರಿಂದ ದಾರವನ್ನು ಜೋಡಿಸಿ ಮಡಚಿ ಕೊಂಡಿಯೊಳಗೆ ಹಾಯಿಸಿ ಕಟ್ಟುವ ಇಮ್ಮಡಿ ಗಂಟು ಬೇಕು, ಕಟ್ಟಿದ ಮೇಲೆ ಜಗ್ಗಿ ನೋಡಲೂಬೇಕು. ಸುಮಾರು 145 ಡಿಗ್ರಿ ಸೆಲ್ಸಿಯಸ್‌ಗೆ ಕರಗುವ ಈ ದಾರ ಬಿಸಿಯಾದ ಎಂಜಿನ್‌ಗೆ ತಾಗಿದರೆ ಕಡಿದಂತೆಯೇ. ಎರೆಮಣ್ಣಿನ ದೂಳಿನಲ್ಲಿ ಎಳೆದಾಡಿದ ಹೆಣಿಗೆಯೊಳಗೆ ಕಣಗಳು ಸೇರಿ ಮೈಮೇಲೆ ನವಿರು ಏಳುತ್ತದೆ, ಅದು ಕಂಡ ದಾರವನ್ನು ಮರುಬಳಸದಿರುವುದು ಒಳಿತು. ಲಾಗ ಹಾಕಿಸಿದಾಗ ಎರಡು ದಾರಗಳು ಒಂದಕ್ಕೊಂದು ಹೊಸೆದುಕೊಂಡರೂ ಅವು ಸರಾಗವಾಗಿ ಜಾರುತ್ತಿರುವುದು ಮಾತ್ರ ಅದೇ ನುಣುಪಿನ ಕೃಪೆ.

ಕಾರಹುಣ್ಣಿಮೆಯ ಸುತ್ತಿನ ದಿನಗಳಲ್ಲಿ, ಪಟಗಳು ಏಳುವ ಲಕ್ಷ್ಮೇಶ್ವರ, ಶಿರಹಟ್ಟಿಯ ಬಯಲುಗಳಲ್ಲಿ, ಈ ವಿಮಾನವನ್ನು ಹಾರಿಸದಿರುವುದೇ ವಿವೇಕ. ಅಡ್ಡ ಬಂದ ಮಾಂಜಾ ಉಜ್ಜಿದರೆ ಬಿಗಿದ ದಾರ ಕ್ಷಣದಲ್ಲಿ ಕಡಿಯುತ್ತದೆ. ಉಳಿದ ತುಂಡುಗಳನ್ನು ಪಟಕ್ಕೆಂದು ಮಕ್ಕಳ ಕೈಗೆ ಕೊಡುವುದಂತೂ ಸಲ್ಲದು, ಏಕೆಂದರೆ ಕೊಳೆಯದ ಕೃತಕ ಎಳೆಯ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲಿಯೇ ನಿಷೇಧಿಸಿದೆ. ವಿದ್ಯುತ್ ತಂತಿಗಳಿಂದ ದೂರವಿರಬೇಕೆಂಬ ನಿಯಮ ಉಕ್ಕಿನ ದಾರದಷ್ಟೇ ಈ ಪಾಲಿಎಥಿಲೀನ್ ದಾರಕ್ಕೂ ಅನ್ವಯಿಸುತ್ತದೆ.

ಕಿಲೋ ಮೀರಿದ ಕಸರತ್ತಿನ ವಿಮಾನಗಳಿಗೆ, ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ 15ರಿಂದ 21.5 ಮೀಟರ್ ದಾರದಲ್ಲಿ ಹಾರುವ ಆ ಬಗೆಗೆ, ಹಲವು ಎಳೆ ಹೊಸೆದ ಉಕ್ಕಿನ ದಾರವೇ ಈಗಲೂ ನಂಬುಗೆಯದು. ಬೆಳಗಿನ ಗಾಳಿ ಏಳುವ ಮುನ್ನ ಹಾರಿಸುವ ಹಗುರ ವಿಮಾನಕ್ಕಾದರೆ 20 ಪೌಂಡಿನ, ಅಂದರೆ 9 ಕಿಲೋ ತಾಳುವ, ಸಿಗುವುದರಲ್ಲೆಲ್ಲ ತೆಳುವಾದ ಹೆಣಿಗೆ ಧಾರಾಳವಾಯಿತು.