ಕೊಳದ ದಡದ ಮಾತು

ನಮ್ಮ ಕಾವ್ಯಗಳಲ್ಲಿ ಮುತ್ತಿಗೆಗೆ ಬರವಿಲ್ಲ. ಕೋಟೆಗೆ ಲಗ್ಗೆ ಹತ್ತುವುದು, ಹೆಬ್ಬಾಗಿಲನ್ನು ಮುರಿಯುವುದು, ಕಂದಕವನ್ನು ತುಂಬುವುದು ಇವೆಲ್ಲ ಕವಿಗಳಿಗೆ ಕರತಲಾಮಲಕ. ಆದರೆ ಒಬ್ಬನೇ ಒಬ್ಬ ಮನುಷ್ಯ ಒಳಗೆ ಅಡಗಿ ಕುಳಿತು, ಸುತ್ತುಗಟ್ಟಿದವರು ಅವನನ್ನು ಬರಿಯ ಮಾತಿನಿಂದ ಹೊರಕ್ಕೆ ಕರೆಯಬೇಕಾದ ಸನ್ನಿವೇಶ ಅಷ್ಟು ಸುಲಭವಾಗಿ ದೊರೆಯುವುದಿಲ್ಲ. ಕನ್ನಡದಲ್ಲಿ ಅಂಥದೊಂದನ್ನು ರನ್ನ ಹತ್ತನೆಯ ಶತಮಾನದ ಕೊನೆಯಲ್ಲಿಯೇ ಬರೆದಿಟ್ಟಿದ್ದಾನೆ. ‘ಗದಾಯುದ್ಧ’ದ ವೈಶಂಪಾಯನ ಸರೋವರದ ಪ್ರಸಂಗವೇ ಅದು.

ಸಾಹಿತ್ಯದ ಪುಟದಲ್ಲಿ ಪೋಲೀಸರ ಮಾತೇಕೆ ಎಂದು ವಾಚಕರು ಕೇಳಬಹುದು. ಒತ್ತೆಯಾಳನ್ನು ಹಿಡಿದವನ ಎದುರಿಗೆ, ಬಾಗಿಲಿಗೆ ಅಗುಳಿ ಹಾಕಿ ಒಳಗೆ ಆಯುಧ ಹಿಡಿದು ಕುಳಿತವನ ಎದುರಿಗೆ ಪೋಲೀಸರು ಮಾಡುವ ಕೆಲಸದಲ್ಲಿ ಹೆಚ್ಚಿನ ಪಾಲು ಮಾತಿನ ಕೆಲಸ. ಆ ಹೊತ್ತಿನಲ್ಲಿ ಎಂಥ ಮಾತು ಒಪ್ಪುತ್ತದೆ ಎಂಬ ತೀರ್ಮಾನ ಮಾತ್ರ ಪೋಲೀಸರ ಕೈಪಿಡಿಯಿಂದಷ್ಟೇ ಬರುವುದಿಲ್ಲ. ಹೊರಗೆ ನಿಂತು ನೋಡುವ ಜನದ ರುಚಿಯೂ ಅದನ್ನು ಒತ್ತಾಯಪಡಿಸುತ್ತದೆ. ಆ ರುಚಿಯನ್ನು ತಿದ್ದುವುದು, ಕೆಲವೊಮ್ಮೆ ಕೆಡಿಸುವುದು, ಕಾವ್ಯ, ನಾಟಕ, ಚಲಚ್ಚಿತ್ರಗಳು. ಆದ್ದರಿಂದ ಇದು ವಿಮರ್ಶೆಗೆ ಸಲ್ಲುವ ವಿಷಯವೇ ಎಂದು ನನ್ನ ಎಣಿಕೆ.

ಮೊದಲು ರನ್ನನನ್ನು ನೋಡೋಣ. ಹದಿನೆಂಟು ಅಕ್ಷೋಹಿಣಿ ಸವೆದಿದೆ. ಶರಶಯ್ಯೆಯ ಮೇಲಿನ ಭೀಷ್ಮ ಸಂಧಿಯ ಮಾತಾಡುತ್ತಾನೆ, ದುರ್ಯೋಧನ ಒಪ್ಪುವುದಿಲ್ಲ. ಹಾಗಾದರೆ ಮರುದಿನ ಅಶ್ವತ್ಥಾಮಾದಿಗಳು ಬಂದು ಕೂಡುವತನಕ ಕೊಳದಲ್ಲಿ ಅಡಗಿರು ಎಂದು ಅಜ್ಜ ಉಪಾಯ ಹೇಳುತ್ತಾನೆ. ಪಾಂಡವರು ಕೊಳವನ್ನು ಸುತ್ತುತ್ತಾರೆ. ಧರ್ಮರಾಯನ ಕರೆಗೆ ನೀರು ಅಲುಗುವುದಿಲ್ಲ. ಕಡೆಗೆ ಭೀಮ ಗರ್ಜಿಸುತ್ತಾನೆ. ನೀರಿನಲ್ಲಿ ಅಡಗಿದ್ದನ್ನೇ ಹಂಗಿಸುವ, ಕುಲವನ್ನೂ ಕಲಿತನವನ್ನೂ ಒಟ್ಟಿಗೆ ಕೆಣಕುವ ಆ ಮಾತಿಗೆ, ತಣ್ಣೀರೊಳಗಿದ್ದ ದುರ್ಯೋಧನ ಕೋಪದಿಂದ ಬೆವರಿದನೆಂದು ರನ್ನ ಹೇಳುವುದು ಕನ್ನಡದ ಪ್ರಸಿದ್ಧ ಕಲ್ಪನೆಗಳಲ್ಲೊಂದು. ದುರ್ಯೋಧನ ಹೊರಬರುತ್ತಾನೆ. ಬಂದವನ ಗತಿ ಏನಾಯಿತೆಂಬುದು ಎಲ್ಲರಿಗೂ ಗೊತ್ತು.

ತರಗತಿಯಲ್ಲಿ ಈ ಭಾಗವನ್ನು ಪಾಠ ಮಾಡುವಾಗಲೆಲ್ಲ ವೀರರೌದ್ರಗಳ ಪರಿಪೋಷವನ್ನು ಹೇಳಿ ಮುಗಿಸಿಬಿಡುವುದು ರೂಢಿ. ಆದರೆ ಆ ಮಾತಿನ ಉದ್ದೇಶವೇನು ಎಂದು ಕೇಳಿಕೊಂಡರೆ ಇನ್ನೊಂದು ಸಂಗತಿ ಹೊಳೆಯುತ್ತದೆ. ಭೀಮನಿಗೆ ಬೇಕಾದುದು ದುರ್ಯೋಧನನ ಸೆರೆಯಲ್ಲ, ಸಾವು. ಜೊತೆಗೆ, ಆ ಕೊಳದಲ್ಲಿ ಕಾಲ ಒಳಗಿದ್ದವನ ಪಕ್ಷ. ಒಂದು ರಾತ್ರಿ ಕಳೆದರೆ ಅವನಿಗೆ ಬಲ ಬರುತ್ತದೆ. ಆದ್ದರಿಂದ ಬೇಗ ಕೆರಳಿಸಬೇಕು, ಬೇಗ ಹೊರಗೆಳೆಯಬೇಕು. ರನ್ನನ ಮಾತು ಅವನ ಕಥೆಗೆ ತಕ್ಕ ಮಾತು. ಔಚಿತ್ಯದಲ್ಲಿ ಕೂದಲೆಳೆಯಷ್ಟೂ ಲೋಪವಿಲ್ಲ. ತೊಂದರೆ ಬರುವುದು ಈ ಮಾತನ್ನೇ ಎಲ್ಲ ಕೊಳಗಳಿಗೂ ಸಲ್ಲುವ ಮಾತೆಂದು ನಾವು ನಂಬಿಕೊಂಡಾಗ.

ಈಗಿನ ಮುತ್ತಿಗೆಗಳಲ್ಲಿ ಲೆಕ್ಕ ತಿರುವುಮುರುವು. ಸುತ್ತುಗಟ್ಟಿದ ಮನೆಯೊಳಗೆ ಇರುವವನಿಗೆ ಹೊತ್ತು ಹೋದಂತೆ ನಿದ್ದೆಗೇಡು, ಹಸಿವು, ಆಯಾಸ. ಮೊದಲ ಗಳಿಗೆಯ ಆವೇಶ ಇಳಿದು ಯೋಚನೆ ತಲೆಯೆತ್ತುತ್ತದೆ. ಕಾಲ ಸಾಮಾನ್ಯವಾಗಿ ಹೊರಗಿನವರ ಪಕ್ಷ. ಈ ಸರಳ ಸತ್ಯವನ್ನು ಲೋಕ ಕಲಿತದ್ದು ರಕ್ತದ ಬೆಲೆ ಕೊಟ್ಟು. 1972ರ ಸೆಪ್ಟೆಂಬರಿನಲ್ಲಿ ಮ್ಯೂನಿಕ್ ಒಲಿಂಪಿಕ್ಸಿನ ವೇಳೆ ಇಸ್ರೇಲಿನ ಹನ್ನೊಂದು ಮಂದಿ ಸತ್ತರು. ಒತ್ತೆಯಾಳುಗಳಾಗಿದ್ದವರಲ್ಲಿ ಒಬ್ಬರೂ ಉಳಿಯಲಿಲ್ಲ. ಅದಾದ ಮೇಲೆ ನ್ಯೂಯಾರ್ಕಿನ ಪೋಲೀಸರಲ್ಲಿ ಮನಶ್ಶಾಸ್ತ್ರ ಓದಿಕೊಂಡಿದ್ದ ಪತ್ತೇದಾರ ಹಾರ್ವಿ ಶ್ಲಾಸ್‌ಬರ್ಗ್ ಮತ್ತು ಅಧಿಕಾರಿ ಫ್ರಾಂಕ್ ಬೋಲ್ಜ್ 1973ರಲ್ಲಿ ಸಂಧಾನದ ವಿದ್ಯೆಯನ್ನು ಕ್ರಮಬದ್ಧವಾಗಿ ಕಟ್ಟತೊಡಗಿದರು.

ಆ ವಿದ್ಯೆಯ ಸೂತ್ರಗಳು ಕೇಳಲು ಬಹಳ ಸಾಧಾರಣ. ಮನೆಯ ಸುತ್ತ ಒಳಗಿನ ಒಂದು ಕಾವಲು. ಜನರನ್ನು ದೂರವಿಡಲು ಹೊರಗಿನ ಇನ್ನೊಂದು ಕಾವಲು. ಒಳಗಿನವನೊಡನೆ ಮಾತಾಡುವವನು ಒಬ್ಬನೇ. ಅವನು ಆಜ್ಞೆ ಕೊಡುವ ಅಧಿಕಾರಿಯಲ್ಲ. ಅಧಿಕಾರವಿದ್ದವನು ಮಾತಿಗೆ ಕುಳಿತರೆ ಪ್ರತಿಯೊಂದಕ್ಕೂ ಅಲ್ಲೇ ಹೌದು ಅಥವಾ ಇಲ್ಲ ಎನ್ನಬೇಕಾಗುತ್ತದೆ. ಇಲ್ಲದವನು ‘ಮೇಲಿನವರನ್ನು ಕೇಳಿ ಹೇಳುತ್ತೇನೆ’ ಎಂದು ಹೊತ್ತನ್ನು ಗಳಿಸಬಹುದು. ಸುಳ್ಳು ಭರವಸೆ ಕೊಡಬಾರದು. ಊಟ, ನೀರು, ಔಷಧಿಗಳಂಥ ಸಣ್ಣ ಕೋರಿಕೆಗೂ ಪ್ರತಿಯಾಗಿ ಏನನ್ನಾದರೂ ಕೇಳಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಆಡುವುದಕ್ಕಿಂತ ಹೆಚ್ಚಾಗಿ ಕೇಳಿಸಿಕೊಳ್ಳಬೇಕು. ಕೆರಳಿಸಿ ಹೊರತರುವ ಭೀಮನ ವಿದ್ಯೆಗೆ ಇದು ನೇರ ವಿರುದ್ಧ. ಇದು ತಣಿಸಿ ಹೊರತರುವ ವಿದ್ಯೆ.

ಎರಡು ನಿದರ್ಶನ ಸಾಕು. 1975ರ ಡಿಸೆಂಬರಿನಲ್ಲಿ ಲಂಡನ್ನಿನ ಬಾಲ್ಕಂ ಬೀದಿಯ ಮನೆಯೊಂದರಲ್ಲಿ ನಾಲ್ವರು ಐರಿಷ್ ಬಂದೂಕುಧಾರಿಗಳು ದಂಪತಿಗಳನ್ನು ಹಿಡಿದು ಕುಳಿತರು. ಪೋಲೀಸರು ಆರು ದಿನ ಕಾದರು. ನಾಲ್ವರೂ ಶರಣಾದರು, ದಂಪತಿಗಳು ಬದುಕಿ ಬಂದರು. 1993ರಲ್ಲಿ ಅಮೆರಿಕದ ವೇಕೋ ಎಂಬಲ್ಲಿ ಒಂದು ಪಂಥದವರ ಮಂದಿರಕ್ಕೆ 51 ದಿನ ಮುತ್ತಿಗೆಯಿತ್ತು. ಸಂಧಾನದ ದಿನಗಳಲ್ಲಿ 35 ಮಂದಿ ಹೊರಬಂದರು. ಅದೇ ವೇಳೆಗೆ ಇನ್ನೊಂದು ತಂಡದವರು ಒಳಗಿನವರ ನಿದ್ದೆ ಕೆಡಿಸಲು ರಾತ್ರಿಯೆಲ್ಲ ಕಿವುಡಾಗುವಷ್ಟು ಗಟ್ಟಿಯಾಗಿ ಧ್ವನಿವರ್ಧಕದಲ್ಲಿ ಸಂಗೀತ ಹಾಕುತ್ತಿದ್ದರು. ಒಂದು ಕೈ ಕರೆಯಿತು, ಇನ್ನೊಂದು ಕೈ ಗದೆ ತೋರಿಸಿತು. ಕೊನೆಯ ದಿನ ಪೋಲೀಸರು ಒಳನುಗ್ಗಲು ಹೊರಟಾಗ ಬೆಂಕಿ ಹತ್ತಿ 76 ಮಂದಿ ಸತ್ತರು. ಅವರಲ್ಲಿ ಮಕ್ಕಳೂ ಇದ್ದರು.

ಇನ್ನು ನಮ್ಮ ಊರಿಗೆ ಬರೋಣ. ರಾಜೀವ್ ಗಾಂಧಿಯವರ ಹತ್ಯೆಯಾದದ್ದು 1991ರ ಮೇ 21ರಂದು. ಸಂಚಿನ ಮುಖ್ಯ ಆರೋಪಿ ಶಿವರಾಸನ್, ಅವನ ಜೊತೆಯ ಶುಭಾ ಮತ್ತು ಇತರರು ಆಗಸ್ಟಿನಲ್ಲಿ ಬೆಂಗಳೂರಿನ ದಕ್ಷಿಣದ ಅಂಚಿನ ಕೋಣನಕುಂಟೆಯ ಮನೆಯೊಂದರಲ್ಲಿ ಅಡಗಿದ್ದರು. ಸುಳಿವು ಸಿಕ್ಕಿ ಪೋಲೀಸರು ಮನೆಯನ್ನು ಸುತ್ತುಗಟ್ಟಿದರು. ಆಗಸ್ಟ್ 20ರ ಬೆಳಗ್ಗೆ ಕಮಾಂಡೋಗಳು ಒಳಹೊಕ್ಕಾಗ ಏಳೂ ಮಂದಿ ಹೆಣವಾಗಿದ್ದರು. ಜೀವಸಹಿತ ಹಿಡಿದಿದ್ದರೆ ನ್ಯಾಯಾಲಯದಲ್ಲಿ ಹೊರಬರಬಹುದಾಗಿದ್ದ ಎಷ್ಟೋ ಸಂಗತಿ ಆ ಸಯನೈಡ್ ಗುಳಿಗೆಗಳೊಡನೆ ಮುಗಿದುಹೋಯಿತು. ಎ. ಎಂ. ಆರ್. ರಮೇಶರು ಇದನ್ನೇ ವಸ್ತುವಾಗಿಟ್ಟುಕೊಂಡು 2006ರಲ್ಲಿ ‘ಸಯನೈಡ್’ ಎಂಬ ಕನ್ನಡ ಚಿತ್ರವನ್ನು ಮಾಡಿದರು.

ಇದು ಒಳ್ಳೆಯ ಚಿತ್ರ. ಹಾಡು ಕುಣಿತಗಳ ಹಂಗಿಲ್ಲದೆ ಮನೆಯೊಳಗಿನ ಉಸಿರು ಕಟ್ಟುವ ವಾತಾವರಣವನ್ನು ಇದು ಕಟ್ಟಿಕೊಟ್ಟಿದೆ. ಮನೆಯೊಡತಿಯ ಪಾತ್ರದಲ್ಲಿ ತಾರಾ ಅವರ ಅಭಿನಯವಂತೂ ಭಯವೆಂಬ ಸ್ಥಾಯಿಭಾವದ ಪಾಠದಂತಿದೆ. ಆದರೂ ಒಂದು ಮಾತು ಹೇಳಬೇಕು. ಹೊರಗಿನ ಕಾಯುವಿಕೆಯನ್ನು ಚಿತ್ರ ತೋರಿಸುವ ಬಗೆಯಲ್ಲಿ, ಕಾಯುವುದೆಂದರೆ ಕೈಕಟ್ಟಿ ಕೂರುವುದು ಎಂಬ ಭಾವವೇ ಪ್ರೇಕ್ಷಕನಲ್ಲಿ ಉಳಿಯುತ್ತದೆ. ನುಗ್ಗಿಬಿಟ್ಟಿದ್ದರೆ ಸಿಗುತ್ತಿದ್ದರು ಎಂದುಕೊಂಡೇ ಅವನು ಮನೆಗೆ ಹೋಗುತ್ತಾನೆ. ನುಗ್ಗಿದ್ದರೂ ಕೊರಳಲ್ಲಿ ವಿಷ ಕಟ್ಟಿಕೊಂಡವರನ್ನು ಹಿಡಿಯುವುದು ಸುಲಭವಾಗಿರಲಿಲ್ಲ. ಸಾಯಲೆಂದೇ ತರಬೇತಿ ಪಡೆದವರನ್ನು ಮಾತಿನಿಂದ ತಣಿಸುವುದೂ ಸುಲಭವಲ್ಲ. ಎಲ್ಲ ಬಾಗಿಲೂ ಮಾತಿಗೆ ತೆರೆಯುತ್ತದೆ ಎಂದು ನಾನು ವಾದಿಸುತ್ತಿಲ್ಲ. ಕಾಯುವುದರಲ್ಲಿ ಎರಡು ಬಗೆ ಉಂಟು: ಮೇಲಿನವರ ಅಪ್ಪಣೆಗಾಗಿ ಕಾಯುವುದು, ಒಳಗಿನವನ ಮನಸ್ಸಿಗಾಗಿ ಕಾಯುವುದು. ಹೊರಗಿನಿಂದ ಒಂದೇ ತೆರನಾಗಿ ಕಾಣುವ ಇವೆರಡರ ಅಂತರವನ್ನು ತೋರಿಸುವುದು ಕಲೆಯ ಕೆಲಸವಾಗಿತ್ತು.

ಇದಕ್ಕಿಂತ ದೊಡ್ಡ ವಸ್ತು ನಮ್ಮ ಪಶ್ಚಿಮ ಬಡಾವಣೆಗಳಿಗೆ ಇನ್ನೂ ಹತ್ತಿರದ್ದು. 2000ದ ಜುಲೈ 30ರ ರಾತ್ರಿ ಗಾಜನೂರಿನ ಮನೆಯಿಂದ ಡಾ. ರಾಜಕುಮಾರರನ್ನು ವೀರಪ್ಪನ್ ಕಾಡಿಗೆ ಕರೆದೊಯ್ದ. ಆಗ ನಾನು ರಾಜಾಜಿನಗರದಲ್ಲಿ ಓದುತ್ತಿದ್ದ ಹುಡುಗ. ಚಿತ್ರಮಂದಿರಗಳ ಬಾಗಿಲು ಮುಚ್ಚಿತು, ಬಸ್ಸುಗಳು ನಿಂತುವು; ಕ್ಯಾಸೆಟ್ ಬಂದಿತಂತೆ ಎಂಬ ಸುದ್ದಿಗೆ ಹೋಟೆಲಿನ ಮುಂದೆ ಗುಂಪು ಕಟ್ಟುತ್ತಿತ್ತು. ಕಾಡಿಗೆ ಸೈನ್ಯ ನುಗ್ಗಿಸಬೇಕೆಂದು ಗುಡುಗುವವರು ಆ ಗುಂಪಿನಲ್ಲಿ ದಿನವೂ ಇದ್ದರು. ಕಾಡೇ ಅವನ ಕೊಳ. ಸುತ್ತುಗಟ್ಟಲು ಅಲ್ಲಿ ದಡವೇ ಇರಲಿಲ್ಲ ಎಂಬುದನ್ನು ಅವರು ಮರೆತಿದ್ದರು.

ಅಲ್ಲಿಗೆ ಹೋದ ಮಾತು ಪೋಲೀಸರದಲ್ಲ. ತಮಿಳು ಪತ್ರಿಕೆ ‘ನಕ್ಕೀರನ್’ನ ಸಂಪಾದಕ ಗೋಪಾಲರದು, ಕಡೆಗೆ ನೆಡುಮಾರನ್ನರದು. ಕಾವೇರಿ ನೀರು, ತಮಿಳಿಗೆ ಸ್ಥಾನ, ಬೆಂಗಳೂರಿನ ತಿರುವಳ್ಳುವರ್ ಪ್ರತಿಮೆ, ಸೆರೆಯಲ್ಲಿದ್ದ ಟಾಡಾ ಕೈದಿಗಳ ಬಿಡುಗಡೆ ಹೀಗೆ ಬೇಡಿಕೆಗಳ ಪಟ್ಟಿ ಬಂದಿತು. ಕೈದಿಗಳ ಮೇಲಿನ ಆಪಾದನೆಗಳನ್ನು ಹಿಂತೆಗೆದುಕೊಳ್ಳಲು ಸರ್ಕಾರ ಹೊರಟಾಗ, ವೀರಪ್ಪನ್ನನಿಂದ ಹತನಾದ ಪೋಲೀಸ್ ಅಧಿಕಾರಿಯೊಬ್ಬರ ತಂದೆ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. ಒಬ್ಬರ ಮಗನ ಜೀವಕ್ಕಾಗಿ ಇನ್ನೊಬ್ಬರ ಮಗನ ನ್ಯಾಯವನ್ನು ಮಾರಬಹುದೆ ಎಂಬುದೇ ಆ ಮೊರೆಯ ತಿರುಳು. ನವೆಂಬರ್ 7ರಂದು ಕೋರ್ಟು ಆ ಹಿಂತೆಗೆತವನ್ನು ರದ್ದುಗೊಳಿಸಿತು. ರಾಜಕುಮಾರರು ಬಿಡುಗಡೆಯಾದದ್ದು ನವೆಂಬರ್ 15ರಂದು, 108 ದಿನಗಳ ಮೇಲೆ. ಹಣ ಸಂದಾಯವಾಯಿತೆಂದು ಅಂದಿನ ಪೋಲೀಸ್ ಮಹಾನಿರ್ದೇಶಕ ಸಿ. ದಿನಕರ್ ಮುಂದೆ ಪುಸ್ತಕ ಬರೆದರು. ಸರ್ಕಾರದವರು ಅದನ್ನು ಒಪ್ಪಲಿಲ್ಲ.

ಈ ಪ್ರಕರಣದಿಂದ ನನಗೆ ತೋರುವ ವಿವೇಕ ಇಷ್ಟು: ಮಾತಾಡುವುದು ಬೇರೆ, ಕೊಟ್ಟುಬಿಡುವುದು ಬೇರೆ. ಸಂಧಾನವೆಂದರೆ ಶರಣಾಗತಿ ಎಂದು ಗುಡುಗುವವರಿಗೂ, ಕೇಳಿದ್ದನ್ನೆಲ್ಲ ಕೊಟ್ಟು ಕರೆತನ್ನಿ ಎಂದು ಗೋಳಿಡುವವರಿಗೂ ಈ ಅಂತರ ಕಾಣುವುದಿಲ್ಲ. 2002ರ ಆಗಸ್ಟ್ 25ರಂದು ಅದೇ ವೀರಪ್ಪನ್ ಕಾಮಗೆರೆಯಿಂದ ಮಾಜಿ ಸಚಿವ ಎಚ್. ನಾಗಪ್ಪನವರನ್ನು ಹೊತ್ತೊಯ್ದ. ಡಿಸೆಂಬರ್ 8ರಂದು ಕಾಡಿನಲ್ಲಿ ಸಿಕ್ಕಿದ್ದು ಅವರ ಶವ. ಆ ದಿನಗಳನ್ನು ನಾಡು 108 ದಿನಗಳಷ್ಟು ನೆನೆಯುವುದಿಲ್ಲ. ಅಲ್ಲಿ ಕಟೌಟು, ಮೆರವಣಿಗೆಗಳಿರಲಿಲ್ಲ. ರಮೇಶರೇ 2013ರಲ್ಲಿ ಮಾಡಿದ ‘ಅಟ್ಟಹಾಸ’ದಲ್ಲಿಯೂ ಕಣ್ಣು ನೆಟ್ಟಿರುವುದು 2004ರ ಅಕ್ಟೋಬರಿನಲ್ಲಿ ವೀರಪ್ಪನ್ ಗುಂಡಿಗೆ ಬಲಿಯಾದ ಬೇಟೆಯ ಮೇಲೆ. ಕ್ಯಾಸೆಟ್ಟಿನ ಎದುರು ಕುಳಿತು ಒಂದೊಂದು ಪದವನ್ನೂ ತೂಗಿದವರ ಕಥೆ ನಮ್ಮಲ್ಲಿ ಇನ್ನೂ ಯಾರ ಕಥೆಯೂ ಆಗಿಲ್ಲ.

ಹಾಗೆಂದು ಕನ್ನಡಕ್ಕೆ ಈ ಮಾದರಿ ಹೊಸದೇನೂ ಅಲ್ಲ. ಗೋವಿನ ಹಾಡನ್ನು ಎಳೆಯರ ಪಾಠವೆಂದು ಬದಿಗಿಡುತ್ತೇವೆ. ಹುಲಿಯ ಎದುರು ಸಿಕ್ಕಿಬಿದ್ದ ಪುಣ್ಯಕೋಟಿ ಬೈಯುವುದಿಲ್ಲ, ಕಾಲಿಗೂ ಬೀಳುವುದಿಲ್ಲ. ಅವಳು ಕೇಳುವುದು ಒಂದೇ: ಸ್ವಲ್ಪ ಹೊತ್ತು. ಕೊಡುವುದೂ ಒಂದೇ: ಉಳಿಸಿಕೊಳ್ಳಬಲ್ಲ ಮಾತು. ಹೊತ್ತು ಕಳೆದು, ಮಾತು ನಿಂತದ್ದನ್ನು ಕಂಡಾಗ ಹುಲಿಯ ಮನಸ್ಸು ತಿರುಗುತ್ತದೆ. ಎಲ್ಲ ಹುಲಿಗಳೂ ಹಾಗಿರುವುದಿಲ್ಲ, ನಿಜ. ಆದರೆ ಹೊತ್ತು ಮತ್ತು ನಂಬಿಕೆ ಎಂಬ ಎರಡೇ ಬಂಡವಾಳದಿಂದ ಜೀವ ಉಳಿಸಬಹುದೆಂಬ ಅರಿವು ರನ್ನನ ಗರ್ಜನೆಯಷ್ಟೇ ನಮ್ಮದು.

ಈ ಮಾತು ಕಾಡಿನ ಕಳ್ಳರಿಗೂ ಹಂತಕರಿಗೂ ಮಾತ್ರ ಸಂಬಂಧಿಸಿದ್ದಲ್ಲ. ಸಾಲದಲ್ಲಿ ಮುಳುಗಿಯೋ ಮನಸ್ಸು ಕೆಟ್ಟೋ ಹೆಂಡತಿ ಮಕ್ಕಳೊಡನೆ ಕೋಣೆ ಸೇರಿ ಬಾಗಿಲು ಹಾಕಿಕೊಳ್ಳುವವನು ವಿಜಯನಗರದಲ್ಲಿಯೂ ಇರಬಹುದು, ಬಸವೇಶ್ವರನಗರದಲ್ಲಿಯೂ ಇರಬಹುದು. ಪೋಲೀಸರು ಬರುವ ಮೊದಲೇ ಬೀದಿ ಸೇರಿರುತ್ತದೆ, ಮೊಬೈಲುಗಳು ಮೇಲೆದ್ದಿರುತ್ತವೆ. ‘ಗಂಡಸಾದರೆ ಹೊರಗೆ ಬಾರೋ’ ಎಂದು ಯಾರೋ ಒಬ್ಬ ಕೂಗಿದರೆ ಸಾಕು, ಒಂದು ಗಂಟೆಯಿಂದ ಸಂಧಾನಕಾರ ಪೋಣಿಸಿದ ಎಳೆ ಹರಿಯುತ್ತದೆ. 2008ರ ಮುಂಬಯಿಯ ದಾಳಿಯಲ್ಲಿ ಟಿವಿಯ ನೇರ ಪ್ರಸಾರ ಒಳಗಿನವರ ಸೂತ್ರಧಾರರಿಗೆ ಕಣ್ಣಾಯಿತೆಂದು ಸುಪ್ರೀಂ ಕೋರ್ಟು 2012ರಲ್ಲಿ ಕಟುವಾಗಿ ಹೇಳಿತು. ಅಂಥ ಕಾರ್ಯಾಚರಣೆಗಳ ನೇರ ಪ್ರಸಾರಕ್ಕೆ 2015ರಲ್ಲಿ ನಿಯಮದ ತಡೆ ಬಂದಿತು. ಬೀದಿಯ ಕೂಗಿಗೆ ಅಂಥ ನಿಯಮವಿಲ್ಲ. ಅದನ್ನು ನಮ್ಮ ರುಚಿಯೇ ತಡೆಯಬೇಕು.

ರನ್ನನನ್ನು ಓದುವುದನ್ನು ಬಿಡಬೇಕೆಂದು ಇದರ ಅರ್ಥವಲ್ಲ. ಅವನ ಭೀಮನ ಮಾತಿಗೆ ಇಂದಿಗೂ ಮೈ ಜುಮ್ಮೆನ್ನುತ್ತದೆ, ಎನ್ನಬೇಕು. ಆದರೆ ಅದು ಕೊಲ್ಲುವ ಮಾತೆಂಬುದನ್ನು ಮೇಷ್ಟರುಗಳಾದ ನಾವು ಅದೇ ತರಗತಿಯಲ್ಲಿ ಹೇಳಬೇಕು. ತಗ್ಗಿದ ದನಿಯಲ್ಲಿ ಆಡುವ, ಯಾರೂ ಚಪ್ಪಾಳೆ ತಟ್ಟದ, ಬಾಗಿಲು ತೆರೆದ ಕೂಡಲೆ ಮರೆತುಹೋಗುವ ಇನ್ನೊಂದು ಬಗೆಯ ಮಾತಿದೆ. ಅದಕ್ಕೂ ಒಬ್ಬ ಕವಿ ಬೇಕಾಗಿದ್ದಾನೆ.