ಹಬ್ಬದ ಊಟ ಇತಿಹಾಸದ ಆಕರವಾಗಿ: ಆಳಂದ, ಅಫಜಲಪುರ, ಜೇವರ್ಗಿ ಸೀಮೆಗಳನ್ನು ಕುರಿತು ಒಂದು ವಿಮರ್ಶೆ

1

ಜಗತ್ತಿನ ಹಬ್ಬದೂಟಗಳನ್ನು ಕುರಿತು ಬರೆಯುವವರಲ್ಲಿ ಒಂದು ರೂಢಿ ಬೆಳೆದುಬಂದಿದೆ. ದೇಶಕ್ಕೊಂದು ಹಬ್ಬ, ಹಬ್ಬಕ್ಕೊಂದು ಭಕ್ಷ್ಯ ಎಂದು ಪಟ್ಟಿಮಾಡಿ, ಅಮೆರಿಕಕ್ಕೆ ಟರ್ಕಿ ಕೋಳಿಯನ್ನೂ ಇಂಗ್ಲೆಂಡಿಗೆ ಕ್ರಿಸ್ಮಸ್ ಪುಡಿಂಗನ್ನೂ ಭಾರತಕ್ಕೆ ದೀಪಾವಳಿಯ ಮಿಠಾಯಿಯನ್ನೂ ಹಂಚಿಕೊಟ್ಟು ಮುಗಿಸುವುದೇ ಆ ರೂಢಿ. ನಮ್ಮಲ್ಲಿ ಹಬ್ಬಹರಿದಿನಗಳನ್ನು ಕುರಿತು ಬಂದ ಅನೇಕ ಬರೆಹಗಳೂ ಇದರಿಂದ ಪಾರಾಗಿಲ್ಲ. ಅವುಗಳಲ್ಲಿ ದೇಶಗಳ ಬದಲು ಮಾಸಗಳಿರುತ್ತವೆ, ಅಷ್ಟೇ ಭೇದ. ಶ್ರಾವಣಕ್ಕೆ ಉಂಡಿ, ಯುಗಾದಿಗೆ ಹೋಳಿಗೆ, ಸಂಕ್ರಾಂತಿಗೆ ಎಳ್ಳು ಎಂದು ಬರೆದ ಮೇಲೆ ಲೇಖಕನ ಕೆಲಸ ತೀರಿತೆಂಬ ಭಾವನೆ ಅಲ್ಲಿ ಕಂಡುಬರುತ್ತದೆ.

ಇತಿಹಾಸದ ವಿದ್ಯಾರ್ಥಿಗೆ ಇಂಥ ಪಟ್ಟಿ ಸಾಲದು. ಶಾಸನವನ್ನು ಓದುವಾಗ ದಾನ ಕೊಟ್ಟವನಾರು, ಪಡೆದವನಾರು, ಕೊಟ್ಟ ಭೂಮಿಯ ಎಲ್ಲೆ ಯಾವುದು ಎಂದು ನಾವು ವಿಚಾರಿಸುತ್ತೇವೆ. ಹಬ್ಬದ ಎಡೆಯನ್ನೂ ಹಾಗೆಯೇ ಓದಬೇಕು. ಅದರ ಮೇಲಿನ ಕಾಳು ಯಾವ ಹೊಲದ್ದು, ಯಾವ ಕಾಲದಲ್ಲಿ ಈ ನೆಲಕ್ಕೆ ಬಂದದ್ದು, ಬೇಯಿಸಿದ ಕೈ ಯಾರದು, ಪಂಕ್ತಿಯಲ್ಲಿ ಕುಳಿತವರು ಯಾರು, ಕುಳಿತಿರದವರು ಯಾರು—ಈ ಪ್ರಶ್ನೆಗಳಿಗೆ ಉತ್ತರ ಹುಡುಕಿದಾಗ ಮಾತ್ರ ಊಟವು ಆಕರವಾಗುತ್ತದೆ. ಕಲಬುರಗಿ ಜಿಲ್ಲೆಯ ಪಶ್ಚಿಮ ಮತ್ತು ದಕ್ಷಿಣ ಭಾಗದ ಆಳಂದ, ಅಫಜಲಪುರ, ಜೇವರ್ಗಿ ಸೀಮೆಗಳನ್ನು ಮುಂದಿಟ್ಟುಕೊಂಡು ಈ ಮಾತನ್ನು ಪರೀಕ್ಷಿಸುವುದು ಪ್ರಸ್ತುತ ಲೇಖನದ ಉದ್ದೇಶ.

2

ಈ ಸೀಮೆಯ ಪ್ರಧಾನವಾದ ಹೊಲದ ಹಬ್ಬ ಎಳ್ಳ ಅಮಾವಾಸ್ಯೆ. ಮಾರ್ಗಶಿರ ಮಾಸದ ಕೊನೆಯಲ್ಲಿ, ಎಂದರೆ ಡಿಸೆಂಬರ್-ಜನವರಿಯ ಸುಮಾರಿಗೆ, ಇದು ಬರುತ್ತದೆ. ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಜೋಳದ ಕಡಬು, ಬಗೆಬಗೆಯ ಸೊಪ್ಪು ಹಸಿಕಾಳುಗಳನ್ನು ಕೂಡಿಸಿ ಕುದಿಸಿದ ಭಜ್ಜಿ, ಎಣ್ಣೆಗಾಯಿ ಬದನೆ, ಪುಂಡಿಪಲ್ಯ, ಶೇಂಗಾ ಹೋಳಿಗೆ, ಎಳ್ಳು ಹೋಳಿಗೆ, ಅಂಬಲಿ—ಇವನ್ನೆಲ್ಲ ಬುಟ್ಟಿಯಲ್ಲಿ ಕಟ್ಟಿಕೊಂಡು ಮನೆಮಂದಿ ಹೊಲಕ್ಕೆ ಹೋಗುತ್ತಾರೆ. ಐದು ಕಲ್ಲುಗಳನ್ನು ಪಾಂಡವರೆಂದು ಪೂಜಿಸಿ, ಪೈರಿನ ನಡುವೆ ನಡೆಯುತ್ತ ಚರಗ ಚೆಲ್ಲಿ, ಆ ಬಳಿಕವೇ ಬಂಧುಬಳಗ ನೆರೆಹೊರೆಯೊಡನೆ ಉಣ್ಣುವುದು ಸಂಪ್ರದಾಯ.

ಪಟ್ಟಿಯ ಬರೆಹಗಾರ ಇಲ್ಲಿಗೆ ನಿಲ್ಲುತ್ತಾನೆ. ಆದರೆ ಕೃಷಿಯ ಪಂಚಾಂಗವನ್ನು ಜೊತೆಗಿಟ್ಟು ನೋಡಿದರೆ ಈ ಊಟದ ರಚನೆ ಬೇರೆಯಾಗಿಯೇ ತೋರುತ್ತದೆ. ಸಜ್ಜೆಯೂ ಎಳ್ಳೂ ಮುಂಗಾರಿಯ ಬೆಳೆಗಳು; ಅಮಾವಾಸ್ಯೆಯ ಹೊತ್ತಿಗೆ ಅವು ಮನೆಗೆ ಬಂದಿರುತ್ತವೆ. ಹಿಂಗಾರಿಯ ಬಿಳಿಜೋಳ, ಕಡಲೆಗಳು ಇನ್ನೂ ಕಪ್ಪುಮಣ್ಣಿನ ತೇವವನ್ನು ನಂಬಿ ಹೊಲದಲ್ಲಿ ನಿಂತಿರುತ್ತವೆ. ಕೈಸೇರಿದ ಫಸಲಿನಿಂದ ಅಡುಗೆ ಮಾಡಿ, ಕೈಸೇರದ ಫಸಲಿಗೆ ಉಣಿಸುವುದು ಚರಗದ ಅಂತರಾರ್ಥ. ಭಜ್ಜಿಯಲ್ಲಿ ಬೀಳುವ ತೊಗರಿ, ಅವರೆ, ಕಡಲೆಗಳ ಹಸಿಕಾಳು ಆ ಎರಡು ಫಸಲುಗಳ ಸಂಧಿಕಾಲವನ್ನೇ ಸೂಚಿಸುತ್ತದೆ. ಕೊಯ್ಲು ಮುಗಿದ ಮೇಲೆ ಕೃತಜ್ಞತೆಗೆಂದು ಮಾಡುವ ಸುಗ್ಗಿಯ ಹಬ್ಬಗಳು ಅನೇಕ ದೇಶಗಳಲ್ಲಿವೆ. ಕೊರಿಯದಲ್ಲಿ ಚುಸೋಕ್ ಹಬ್ಬದಂದು ಹೊಸ ಅಕ್ಕಿಯ ಕಡಬನ್ನು ಹಿರಿಯರಿಗೆ ಅರ್ಪಿಸುವುದು ಈ ಬಗೆಯದು. ಎಳ್ಳ ಅಮಾವಾಸ್ಯೆ ಆ ವರ್ಗಕ್ಕೆ ಪೂರ್ತಿಯಾಗಿ ಸೇರದು. ಮಳೆಯ ನೆಚ್ಚಿಕೆಯಿಲ್ಲದ ನಾಡಿನಲ್ಲಿ ಇನ್ನೂ ಕಾಳುಗಟ್ಟದ ಬೆಳೆಯ ಮುಂದೆ ನಿಂತು ಮಾಡುವ ಪ್ರಾರ್ಥನೆ ಇದು. ಇದನ್ನು 'ಸುಗ್ಗಿಯ ಹಬ್ಬ' ಎಂದು ಕರೆದುಬಿಡುವುದು ಆ ಆತಂಕವನ್ನೇ ಮರೆತಂತೆ.

3

ಎರಡನೆಯ ದೋಷ ಪ್ರಾಚೀನತೆಯ ವ್ಯಾಮೋಹ. ಈ ಊಟ 'ಅನಾದಿಕಾಲದಿಂದ' ಹೀಗೆಯೇ ಬಂದಿದೆ ಎಂಬ ಮಾತನ್ನು ನಮ್ಮ ಲೇಖಕರು ಸುಲಭವಾಗಿ ಆಡುತ್ತಾರೆ. ಎಡೆಯನ್ನೇ ಸಾಕ್ಷಿಗೆ ಕರೆಯೋಣ. ಮೆಣಸಿನಕಾಯಿ, ಶೇಂಗಾ, ಆಲೂಗಡ್ಡೆ, ಟೊಮೇಟೊ—ಇವು ನಾಲ್ಕೂ ಅಮೆರಿಕ ಖಂಡದ ಮೂಲದವು. 1498ರಲ್ಲಿ ಪೋರ್ತುಗೀಜರು ಕಲ್ಲಿಕೋಟೆಗೆ ಬಂದ ಮೇಲಲ್ಲದೆ ಇವು ನಮ್ಮ ಅಡುಗೆಮನೆಯನ್ನು ಸೇರಿದವೆನ್ನಲು ಆಧಾರವಿಲ್ಲ. ಹಾಗಾದರೆ ಕಲಬುರಗಿಯಲ್ಲಿ ಬಹಮನಿ ರಾಜ್ಯ ಸ್ಥಾಪನೆಯಾದ 1347ರಲ್ಲಿ ಈ ನಾಡಿನ ರೈತ ಎಳ್ಳ ಅಮಾವಾಸ್ಯೆಯನ್ನು ಆಚರಿಸಿದ್ದರೂ, ಅವನ ಬುಟ್ಟಿಯಲ್ಲಿ ಶೇಂಗಾ ಹೋಳಿಗೆಯಾಗಲಿ ಹಸಿಮೆಣಸಿನ ಖಾರವಾಗಲಿ ಇರಲು ಸಾಧ್ಯವಿಲ್ಲ. ಜೋಳ, ಸಜ್ಜೆಗಳಾದರೂ ಬಹು ಪ್ರಾಚೀನ ಕಾಲದಲ್ಲಿ ಆಫ್ರಿಕದಿಂದ ಬಂದವು. ತೊಗರಿ, ಬದನೆ, ಎಳ್ಳು ಈ ಉಪಖಂಡದಲ್ಲೇ ಕೃಷಿಗೆ ಒಳಪಟ್ಟವು. ಹಬ್ಬಕ್ಕೆ ಹೆಸರಿತ್ತ ಎಳ್ಳೇ ಎಡೆಯ ಹಳೆಯ ನಿವಾಸಿಗಳಲ್ಲಿ ಒಂದಾಗಿರುವುದು ಗಮನಿಸತಕ್ಕ ಸಂಗತಿ.

ಇದರಿಂದ ಹಬ್ಬದ ಗೌರವಕ್ಕೆ ಕುಂದುಂಟಾಗುವುದಿಲ್ಲ. ಅಮೆರಿಕದ 'ಥ್ಯಾಂಕ್ಸ್‌ಗಿವಿಂಗ್' ಹಬ್ಬದ ವಿಷಯದಲ್ಲಿಯೂ ಇದೇ ಆಗಿದೆ. 1621ರ ಪ್ಲಿಮತ್ ಔತಣವನ್ನು ಕುರಿತ ಸಮಕಾಲೀನ ಪತ್ರದಲ್ಲಿ ಬೇಟೆಯ ಹಕ್ಕಿಗಳ ಮತ್ತು ಮೂಲನಿವಾಸಿಗಳು ತಂದ ಐದು ಜಿಂಕೆಗಳ ಪ್ರಸ್ತಾಪವಿದೆ. ಅದು ರಾಷ್ಟ್ರದ ವಾರ್ಷಿಕ ಹಬ್ಬವಾಗಿ ನೆಲೆಗೊಂಡದ್ದು ಸಾರಾ ಜೋಸೆಫಾ ಹೇಲ್ ಎಂಬ ಸಂಪಾದಕಿಯ ದೀರ್ಘಕಾಲದ ಪ್ರಯತ್ನದಿಂದ, 1863ರ ಲಿಂಕನ್ನರ ಘೋಷಣೆಯ ಅನಂತರ. ಸಂಪ್ರದಾಯವೆಂಬುದು ಹೊಸದನ್ನು ಒಳಗೊಳ್ಳುತ್ತಲೇ ಹಳೆಯದೆನಿಸಿಕೊಳ್ಳುವ ಶಕ್ತಿ. ಅಮೆರಿಕದಿಂದ ಬಂದ ಕಾಳೊಂದು ಚರಗದ ಬುಟ್ಟಿಯಲ್ಲಿ ಪೂಜ್ಯವಾದದ್ದೇ ನಮ್ಮ ರೈತರ ಗ್ರಹಣಶಕ್ತಿಗೆ ಪ್ರಮಾಣ.

4

ಮೂರನೆಯದು ಗಡಿಯ ಪ್ರಶ್ನೆ. ಆಳಂದ, ಅಫಜಲಪುರಗಳು ಮಹಾರಾಷ್ಟ್ರಕ್ಕೆ ಹೊಂದಿಕೊಂಡಿವೆ. ಗಡಿಯಾಚೆ ಲಾತೂರು, ಧಾರಾಶಿವ (ಹಿಂದಿನ ಉಸ್ಮಾನಾಬಾದು), ಸೊಲ್ಲಾಪುರಗಳ ಕಡೆಯಲ್ಲೂ ಅದೇ ದಿನ, ಅದೇ ಭಜ್ಜಿ, ಅದೇ ಅಂಬಲಿ, ಅದೇ ಪಾಂಡವರ ಪೂಜೆ. ಅಲ್ಲಿ ಆ ಹಬ್ಬಕ್ಕೆ ಜನರ ಬಾಯಲ್ಲಿ 'ಯೆಳವಸ' ಎಂದೂ ಪಂಚಾಂಗದಲ್ಲಿ 'ವೇಳಾ ಅಮಾವಾಸ್ಯಾ' ಎಂದೂ ಹೆಸರು. 'ವೇಳಾ' ಎಂಬುದಕ್ಕೆ ಕಾಲವೆಂಬ ಅರ್ಥವನ್ನು ಹಚ್ಚಿದರೂ ಹಬ್ಬದ ಸ್ವರೂಪಕ್ಕೆ ಅದು ಕೂಡಿಬರುವುದಿಲ್ಲ. ಎಳ್ಳ ಅಮಾವಾಸ್ಯೆಯೇ ಜನಪದದ ನಾಲಗೆಯಲ್ಲಿ ಯೆಳವಸವಾಗಿ, ಪಂಡಿತರ ಕೈಯಲ್ಲಿ ವೇಳಾ ಆಯಿತೆಂಬ ಅಭಿಪ್ರಾಯವೇ ಯುಕ್ತವಾಗಿ ತೋರುತ್ತದೆ. ಆದರೆ ಇದನ್ನು ಭಾಷಾಭಿಮಾನದ ಜಯವೆಂದು ಡಂಗುರ ಹೊಡೆಯುವುದು ಅನುಚಿತ. 1956ರ ರಾಜ್ಯ ಪುನರ್ವಿಂಗಡಣೆಗೆ ಮೊದಲು ಕಲಬುರಗಿ, ಉಸ್ಮಾನಾಬಾದು ಎರಡೂ ಹೈದರಾಬಾದು ಸಂಸ್ಥಾನದ ಜಿಲ್ಲೆಗಳೇ. ಕಪ್ಪುಮಣ್ಣು, ಹಿಂಗಾರಿ ಜೋಳ ಇರುವಷ್ಟು ದೂರ ಹಬ್ಬ ಹರಡಿದೆ. ಅದರ ಎಲ್ಲೆಯನ್ನು ಎಳೆದದ್ದು ಮಣ್ಣು, ಆಡಳಿತವಲ್ಲ.

ಇಂಥದೇ ಎಚ್ಚರ ಮತ್ತೊಂದೆಡೆಯೂ ಬೇಕು. ದರ್ಗಾಗಳಲ್ಲಿ ಸಲ್ಲಿಸುವ 'ಮಲೀದ'ವೂ ಜಾತ್ರೆಗಳಲ್ಲಿ ಬಡಿಸುವ 'ಮಾದಲಿ'ಯೂ ರೊಟ್ಟಿಯನ್ನು ಪುಡಿಮಾಡಿ ಬೆಲ್ಲದೊಡನೆ ಕಲಸಿದ ಸಿಹಿಗಳೇ. ಪಾರಸಿಯಲ್ಲಿ ಮಲೀದ ಎಂದರೆ ಉಜ್ಜಿದ್ದು. ಧ್ವನಿಸಾಮ್ಯವೊಂದನ್ನೇ ಹಿಡಿದು ಒಂದರಿಂದ ಇನ್ನೊಂದು ಹುಟ್ಟಿತೆಂದು ಸಾಧಿಸಹೊರಡುವುದು ಶಾಸ್ತ್ರೀಯವಲ್ಲ. ಮೊಹರಮ್ಮಿನಲ್ಲಿ ಅಲಾಯಿ ದೇವರಿಗೆ ಹಿಂದೂ ಮನೆಗಳೂ ಚೋಂಗೆ ಮಾಡಿ ಒಪ್ಪಿಸುವ, ಆಳಂದದ ಲಾಡ್ಲೆ ಮಶಾಯಕ್ ದರ್ಗಾಕ್ಕೆ ಎರಡೂ ಸಮಾಜದವರು ಹರಕೆ ಹೊತ್ತು ನಡೆದುಕೊಂಡು ಬಂದಿರುವ ಸೀಮೆಯಲ್ಲಿ, ಮೂಲ ಯಾರದೆಂಬುದಕ್ಕಿಂತ ಹಂಚಿಕೊಂಡವರು ಯಾರೆಂಬುದೇ ಹೆಚ್ಚಿನ ಸಂಗತಿ.

5

ಉಣ್ಣುವುದರಷ್ಟೇ ಉಣಿಸುವುದೂ ಇತಿಹಾಸಕ್ಕೆ ವಿಷಯ. ಅರಮನೆಯ ಊಟಕ್ಕೆ ಗ್ರಂಥವಿದೆ: ಆಳಂದಕ್ಕೆ ಸಮೀಪದ ಕಲ್ಯಾಣದಲ್ಲಿ ಆಳಿದ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ ಅನ್ನಭೋಗದ ವಿಸ್ತಾರವಾದ ನಿರೂಪಣೆಯುಂಟು. ಹೊಲದ ಊಟಕ್ಕೆ ಅಂಥ ಗ್ರಂಥವಿಲ್ಲ. ಅದರ ನೆನಪು ಉಳಿದದ್ದು ಭಕ್ತರ ಕಥೆಗಳಲ್ಲಿ. ಚೋಳನ ಮೃಷ್ಟಾನ್ನಕ್ಕಿಂತ ಮಾದಾರ ಚೆನ್ನಯ್ಯನ ಅಂಬಲಿ ಶಿವನಿಗೆ ರುಚಿಸಿತೆಂಬ ಕಥೆಯನ್ನು ಶರಣರು ಮತ್ತೆ ಮತ್ತೆ ಸ್ಮರಿಸಿದ್ದು ಸುಮ್ಮನೆ ಅಲ್ಲ.

ಭೀಮಾ ತೀರದ ಎರಡು ಪರಂಪರೆಗಳು ಇಲ್ಲಿ ಉಲ್ಲೇಖಾರ್ಹ. ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದಲ್ಲಿ, ಭೀಮಾ-ಅಮರಜಾ ಸಂಗಮದ ಬಳಿ, ನರಸಿಂಹ ಸರಸ್ವತಿಯವರ ಸ್ಮರಣೆಯಲ್ಲಿ ಮಧುಕರಿ ಭಿಕ್ಷೆ ನಡೆದುಬಂದಿದೆ. ಮಧ್ಯಾಹ್ನದ ಭಿಕ್ಷುಕರ ಸಾಲಿನಲ್ಲಿ ದತ್ತಾತ್ರೇಯನೇ ಯಾವುದೋ ವೇಷದಲ್ಲಿ ಬರುವನೆಂಬ ನಂಬಿಕೆಯಿಂದ, ಉಳ್ಳವನೂ ಕೈಯೊಡ್ಡುತ್ತಾನೆ, ಬಂದವನನ್ನು ಯಾರೂ ಬರಿಗೈಯಲ್ಲಿ ಕಳುಹಿಸರು. 'ಗುರುಚರಿತ್ರೆ'ಯಲ್ಲಿ ಬರುವ ರೈತಭಕ್ತನ ಕಥೆಯ ಕೇಂದ್ರದಲ್ಲಿರುವುದೂ ಜೋಳದ ಹೊಲವೇ: ಗುರುವಿನ ಮಾತಿನಂತೆ ಎಳೆಯ ಪೈರನ್ನೇ ಕೊಯ್ದವನಿಗೆ ಹೊಲ ಮತ್ತೆ ಚಿಗುರಿ ಹಲವು ಮಡಿ ಬೆಳೆಯಿತು. ಇತ್ತ ಜೇವರ್ಗಿ ಸೀಮೆಯ ಅರಳಗುಂಡಗಿಯ ಶರಣಬಸವೇಶ್ವರರು (1746–1822) ತಮ್ಮ ಹೊಲದ ತೆನೆಯನ್ನು ಹಕ್ಕಿಗಳಿಗೂ ದಾರಿಹೋಕರಿಗೂ ಬಿಟ್ಟು, ದಾಸೋಹವನ್ನೇ ಜೀವನವ್ರತವಾಗಿಸಿಕೊಂಡರೆಂದು ಪ್ರತೀತಿ. ಒಂದು ಕಥೆ ದತ್ತ ಪರಂಪರೆಯದು, ಒಂದು ಶರಣ ಪರಂಪರೆಯದು. ಎರಡರಲ್ಲಿಯೂ ಬೆಳೆಯ ಭಯದಲ್ಲಿ ಬಾಳುವ ರೈತನೇ ಕೇಂದ್ರ, ತನ್ನದೆಂಬುದನ್ನು ಬಿಟ್ಟುಕೊಟ್ಟಾಗಲೇ ಕಣಜ ತುಂಬುವುದೆಂಬುದೇ ಸಾರ.

6

ಈ ಆದರ್ಶವನ್ನೇ ಅಳತೆಗೋಲಾಗಿಟ್ಟು ಇಂದಿನ ಆಚರಣೆಯನ್ನು ಪರೀಕ್ಷಿಸಬೇಕಾಗಿದೆ. ಎಳ್ಳ ಅಮಾವಾಸ್ಯೆಯನ್ನು 'ಎಲ್ಲರ ಹಬ್ಬ' ಎಂದು ಹೊಗಳುವುದು ವಾಡಿಕೆ. ಆದರೆ ಚರಗ ಚೆಲ್ಲಲು ಹೊಲ ಬೇಕು. ಹೊಲವಿಲ್ಲದ ಕೂಲಿಕಾರನು ತಾನು ಬಿತ್ತಿ ಕಳೆ ಕಿತ್ತ ನೆಲಕ್ಕೂ ಅಂದು ಅತಿಥಿಯಾಗಿಯೇ ಹೋಗಬೇಕು, ಕರೆ ಬಂದರೆ ಮಾತ್ರ. ಹಬ್ಬಕ್ಕೆ ಎಷ್ಟೋ ದಿನ ಮೊದಲೇ ರೊಟ್ಟಿ ಬಡಿದು ಒಣಗಿಸಿಡುವ ಹೆಂಗಸರ ದುಡಿಮೆಯೂ ಹೊಗಳಿಕೆಯ ಬರೆಹಗಳಲ್ಲಿ ಕಾಣುವುದಿಲ್ಲ. ಪಟ್ಟಣಗಳಲ್ಲಿ ಇಂದು ರೊಟ್ಟಿ ಬಡಿದು ಮಾರುವ ಮಹಿಳೆಯರಿದ್ದಾರೆ. ಆ ಕೌಶಲಕ್ಕೆ ಬೆಲೆ ಕಟ್ಟಿದ್ದು ಮಾರುಕಟ್ಟೆಯೇ ಹೊರತು ನಮ್ಮ ಸಾಹಿತ್ಯವಲ್ಲ.

ಹೊಲವೂ ಬದಲಾಗಿದೆ. ಜಿಲ್ಲೆ ಇಂದು 'ತೊಗರಿಯ ಕಣಜ'; ಇಲ್ಲಿನ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆ ದೊರೆಯಿತು. ನೀರಿರುವಲ್ಲಿ ಕಬ್ಬು ಬಂದಿದೆ. 2013ರಲ್ಲಿ ಆರಂಭವಾದ ಅನ್ನಭಾಗ್ಯದ ಅಕ್ಕಿ ಬಡವನ ಹಸಿವನ್ನು ತಗ್ಗಿಸಿತು. ಅದನ್ನು ಹಗುರವಾಗಿ ಕಾಣುವುದು ಹೊಟ್ಟೆ ತುಂಬಿದವರ ವಿಮರ್ಶೆಯಾದೀತು. ಆದರೂ ಸಜ್ಜೆ ಬಿತ್ತದ ರೈತನು ಹಬ್ಬಕ್ಕೆಂದು ಅಂಗಡಿಯ ಸಜ್ಜೆಹಿಟ್ಟನ್ನು ಕೊಂಡು ತಂದು ತೊಗರಿಯ ಹೊಲದಲ್ಲಿ ಚರಗ ಚೆಲ್ಲುವಾಗ, ಫಸಲಿನಿಂದ ಫಸಲಿಗೆ ಉಣಿಸುವ ಸಂಬಂಧ ಸಡಿಲಗೊಳ್ಳುತ್ತದೆ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದ ಮೇಲೆ ಜೋಳ, ಸಜ್ಜೆಗಳು ನಗರದ ಹೋಟೆಲುಗಳನ್ನು ಏರಿವೆ. ಬೆಳೆದವನ ಹೊಲಕ್ಕೆ ಅವು ಮರಳಿದರೇ ಆ ಗೌರವ ಸಾರ್ಥಕ.

ಹಬ್ಬದೂಟವನ್ನು ಮ್ಯೂಜಿಯಮ್ಮಿನ ವಸ್ತುವಿನಂತೆ ಕಾಪಾಡಬೇಕೆಂಬುದು ನಮ್ಮ ವಾದವಲ್ಲ. ಶೇಂಗಾ ಬಂದಂತೆ ನಾಳೆ ಮತ್ತೊಂದು ಬರಲಿ. ಆದರೆ ಎಡೆಯ ಮೇಲೆ ಏನಿದೆ ಎಂಬುದನ್ನಷ್ಟೇ ಬರೆದು, ಎಡೆಯ ಸುತ್ತ ಯಾರಿದ್ದಾರೆ ಎಂಬುದನ್ನು ಬಿಡುವ ಬರೆಹ ಇತಿಹಾಸವಾಗದು. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳಲ್ಲಿ ಅನೇಕರು ಈ ಹೊಲಗಳಿಂದಲೇ ಬಂದವರು. ತಮ್ಮ ಊರಿನಲ್ಲಿ ಈ ಸಾರಿ ಚರಗದ ಬುಟ್ಟಿಗೆ ಬಿದ್ದ ಕಾಳು ಎಲ್ಲಿಂದ ಬಂತು, ಹೊಲಕ್ಕೆ ಕರೆ ಯಾರಿಗೆ ಹೋಯಿತು, ಯಾರಿಗೆ ಹೋಗಲಿಲ್ಲ ಎಂದು ಅವರು ಮನೆಮನೆ ವಿಚಾರಿಸಿ ಬರೆದಿಟ್ಟರೆ, ಯಾವ ಗ್ರಂಥಾಲಯದಲ್ಲೂ ದೊರೆಯದ ಆಕರವೊಂದು ಸಿದ್ಧವಾಗುತ್ತದೆ. ಕೇಳಿ ತಿಳಿಸಬಲ್ಲ ಹಿರಿಯರು ಇನ್ನೂ ಇರುವಾಗಲೇ ಈ ಕೆಲಸ ಆಗಬೇಕು.